ನೀರುನಾಯಿಯ ಬೆನ್ನು

ನದಿ ದಡದ ಆ ಆಶ್ರಮದಲ್ಲಿ ಹೊಸಬರಿಗೆ ಬಂದ ಕೂಡಲೇ ಮಂತ್ರ ಕೊಡುತ್ತಿರಲಿಲ್ಲ. ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್ ಕೊಡುತ್ತಿದ್ದರು.

"ಮೂರು ತಿಂಗಳು ನದಿ ಹತ್ತಿರ ಕೂತ್ಕೋ. ಕಂಡ ಜೀವದ ಚಿತ್ರ ಬಿಡಿಸು, ಕೆಳಗೆ ಎರಡು ಸಾಲು ಬರಿ. ಪುಸ್ತಕ ನೋಡಿ, ನೀನು ಇಲ್ಲಿರಬಹುದೋ ಇಲ್ಲವೋ ಹೇಳ್ತೀನಿ" ಎಂದಿದ್ದರು ಗುರು ಚಿದಾನಂದಯ್ಯ.

ಹೊಸದಾಗಿ ಬಂದಿದ್ದ ಶಿವನಂಜನಿಗೆ ವಾಪಸ್ ಹೋಗುವ ಮನಸ್ಸು ಸುತರಾಂ ಇರಲಿಲ್ಲ. ಆದರೆ ನದಿಯ ಜೀವಗಳಿಗೆ ಅದು ಗೊತ್ತಾಗಬೇಕಲ್ಲ! ಕೊಕ್ಕು ಬರೆಯುವಷ್ಟರಲ್ಲಿ ಮಿಂಚುಳ್ಳಿ ಹಾರಿಬಿಡುತ್ತಿತ್ತು. ಆಮೆ ಕೂಡ ಅವನಿಗಿಂತ ಚುರುಕಾಗಿತ್ತು.

ಪುಸ್ತಕ ತೋರಿಸುವ ಹಿಂದಿನ ದಿನ ಹಾಳೆ ತಿರುವಿ ನೋಡಿದ. ಒಂದು ಚಿತ್ರವೂ ಪೂರ್ತಿಯಾಗಿರಲಿಲ್ಲ. ಸಂಜೆಯವರೆಗೂ ಕೂತು, ಬಾಲವಿಲ್ಲದ್ದಕ್ಕೆ ಬಾಲ, ಕಾಲಿಲ್ಲದ್ದಕ್ಕೆ ಕಾಲು, ತೋಚಿದಂತೆ ಸೇರಿಸಿದ.

ಬೆಳಿಗ್ಗೆ ಗುರುಗಳು ನದಿಯ ಮೆಟ್ಟಿಲ ಮೇಲೆ ಕೂತು ಪುಸ್ತಕ ತೆರೆದರು.

"ಈ ಬೆಳ್ಳಕ್ಕಿ ಎರಡೂ ಕಾಲೂರಿ ನಿಂತಿತ್ತಾ?"

"ಗೊತ್ತಿಲ್ಲ ಗುರುಗಳೇ. ಹುಲ್ಲು ಅಡ್ಡ ಇತ್ತು."

"ಮಿಂಚುಳ್ಳಿಯ ಬಾಲ ಇಷ್ಟುದ್ದ ಇತ್ತಾ?"

"ಬಾಲ ನೋಡೋದ್ರೊಳಗೆ ಹಾರಿಹೋಯ್ತು."

"ಹಾಗಾದ್ರೆ ಈ ಬಾಲ ಯಾರದು?"

"ನನ್ನದು" ಎಂದುಬಿಟ್ಟ ಶಿವನಂಜ.

ಗುರುಗಳು ನಗಲಿಲ್ಲ. ಹಾಳೆ ತಿರುವುತ್ತಾ ಹೋದರು. ಶಿವನಂಜ ಮನಸ್ಸಿನಲ್ಲೇ ಬಟ್ಟೆಗಂಟು ಕಟ್ಟತೊಡಗಿದ.

ಒಂದು ಹಾಳೆಯ ಹತ್ತಿರ ಗುರುಗಳ ಕೈ ನಿಂತಿತು.

ಅಲ್ಲಿ ಒಂದು ಒದ್ದೆ ಬೆನ್ನು, ಅದರ ಸುತ್ತ ನೀರಿನ ಮೂರು ಬಳೆ, ಅಷ್ಟೇ ಇತ್ತು. ಕೆಳಗೆ ಬರೆದಿತ್ತು: 'ನೀರುನಾಯಿ. ಬಟ್ಟೆ ಒಗೆಯುವ ಕಲ್ಲಿನ ಆಚೆ. ಬಾಯಲ್ಲಿ ಮೀನಿತ್ತೋ ಏನೋ, ಕಾಣಲಿಲ್ಲ.'

"ಅದು ಮುಗಿದಿಲ್ಲ ಗುರುಗಳೇ. ನಿನ್ನೆ ಅವಸರದಲ್ಲಿ ಬಿಟ್ಟುಹೋಯ್ತು" ಎಂದು ಶಿವನಂಜ ತಡವರಿಸಿದ.

ಗುರುಗಳ ಮುಖ ಅರಳಿತು. "ಅಯ್ಯೋ, ಇದನ್ನ ನಾನೂ ನೋಡಿದೀನಪ್ಪ! ಅದೇ ಕಲ್ಲಿನ ಹತ್ತಿರ. ನನಗೂ ಇಷ್ಟೇ ಕಂಡಿದ್ದು."

ಜೋಳಿಗೆಯಿಂದ ಒಂದು ಸವೆದ ರಬ್ಬರ್ ತೆಗೆದು ಅವನ ಕೈಗಿಟ್ಟರು.

ಶಿವನಂಜ ಅಲ್ಲೇ ಕೂತು ಅಳಿಸಿದ. ಮಿಂಚುಳ್ಳಿಯ ಬಾಲ ಹೋಯಿತು. ಆಮೆಯ ಕಾಲು ಹೋಯಿತು. ಬೆಳ್ಳಕ್ಕಿ ಮತ್ತೆ ಹುಲ್ಲಿನ ಹಿಂದೆ ನಿಲ್ಲುವ ಹೊತ್ತಿಗೆ ಅವನ ಎದೆಯ ಭಾರವೂ ಇಳಿದಿತ್ತು.

"ಗುರುಗಳೇ, ಹಾಗಾದ್ರೆ ನಾನು ಇಲ್ಲಿರಬಹುದಾ?"

"ಪುಸ್ತಕದಲ್ಲಿ ಇನ್ನೂ ಹಾಳೆ ಇದೆಯಲ್ಲ."

ಶಿವನಂಜನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕಣ್ಣೊರೆಸಿಕೊಂಡು ನೀರುನಾಯಿಯ ಹಾಳೆಯನ್ನೇ ನೋಡಿದ.

"ಬೆನ್ನಿನ ಮುಂದೆ ಇಷ್ಟೊಂದು ಜಾಗ ಖಾಲಿ ಬಿದ್ದಿದೆ. ಇಲ್ಲೇನು ಬರೀಲಿ?"

ಗುರುಗಳು ನದಿಯ ಕಡೆ ನೋಡುತ್ತಾ ಹೇಳಿದರು: "ಹಾಗೇ ಬಿಡು. ನಾಳೆ ಅದು ಮೇಲೆ ಬಂದ್ರೆ ಜಾಗ ಬೇಡವಾ?"