ಎದುರು ದಡದ ಕಲ್ಲು

“ಗುರುಗಳೇ, ಮಠಕ್ಕೆ ಬಂದವರೆಲ್ಲ ಹಂಪಯ್ಯನನ್ನೇ ಏಕೆ ಹುಡುಕುತ್ತಾರೆ?” ಎಂದು ಕೊಟ್ರಯ್ಯ ಕೇಳಿದ.

ಕೊಟ್ರಯ್ಯ ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು, ಹಂಪಯ್ಯ ಬಂದು ಆರು. ಬಾಗಿಲಲ್ಲಿ ಕುಳಿತು, ಬಂದವರ ಅಹವಾಲು ಕೇಳಿ, ಯಾರು ಯಾವ ಶಿಷ್ಯನ ಬಳಿಗೆ ಹೋಗಬೇಕೆಂದು ಹೇಳುವುದು ಕೊಟ್ರಯ್ಯನ ಕೆಲಸ. ಆ ಕೆಲಸವನ್ನು ಅವನು ಬಹಳ ಆಲೋಚಿಸಿ ಮಾಡುತ್ತಿದ್ದ. ತೀರದ ವ್ಯಾಜ್ಯ ಹೊತ್ತು ಬಂದ ಅಣ್ಣತಮ್ಮಂದಿರು, ವಾದಕ್ಕೆಂದೇ ಬಂದ ಪಂಡಿತರು, ಹೇಳಿದ್ದನ್ನೇ ಹೇಳಿ ಅಳುವವರು ಹಂಪಯ್ಯನ ಪಾಲಿಗೆ ಹೋಗುತ್ತಿದ್ದರು. ಹಣ್ಣು ತಂದು, ಕೈಮುಗಿದು, ಹೊರಟುಹೋಗುವವರು ಕೊಟ್ರಯ್ಯನ ಪಾಲಿಗೆ ಉಳಿಯುತ್ತಿದ್ದರು.

“ಮೊದಮೊದಲು ಅವನಿಗೆ ನೆಟ್ಟಗೆ ಮಾತೇ ಬರುತ್ತಿರಲಿಲ್ಲ” ಎಂದು ಕೊಟ್ರಯ್ಯ ಮುಂದುವರಿಸಿದ. “ಈಗ ಬಂದವರು ನನ್ನ ಮುಖವನ್ನೂ ನೋಡದೆ, ಹಂಪಯ್ಯನವರು ಇದ್ದಾರೆಯೇ ಎನ್ನುತ್ತಾರೆ. ನನ್ನಲ್ಲಿ ಏನು ಕೊರತೆ?”

“ಕುಳಿತುಕೋ” ಎಂದರು ಗುರುಗಳು. “ಒಂದು ಬಂದರಿನ ಕತೆ ಹೇಳುತ್ತೇನೆ.”

ಒಂದು ನದಿ ಕಡಲು ಸೇರುವಲ್ಲಿ ಎರಡು ಪೇಟೆಗಳಿದ್ದವು. ಉತ್ತರದ ದಡದ್ದು ಬಡಗುಪೇಟೆ, ದಕ್ಷಿಣದ್ದು ತೆಂಕುಪೇಟೆ. ಎರಡಕ್ಕೂ ಒಂದೇ ನದಿ, ಒಂದೇ ಗಾಳಿ, ಒಂದೇ ಮೀನು. ಹಡಗುಗಳು ಮಾತ್ರ ಹೆಚ್ಚಾಗಿ ಬಡಗುಪೇಟೆಗೆ ಹೋಗುತ್ತಿದ್ದವು.

ದೂರದೇಶದಿಂದ ಖಾಲಿ ಬರುವ ಹಡಗು ಗಾಳಿಗೆ ಮಗುಚದಿರಲೆಂದು ಹೊಟ್ಟೆಯಲ್ಲಿ ಕಲ್ಲು ತುಂಬಿಕೊಂಡು ಬರುತ್ತದೆ. ಇಲ್ಲಿ ಅಕ್ಕಿಯನ್ನೋ ಮೆಣಸನ್ನೋ ಹೇರುವ ಮುಂಚೆ ಆ ಕಲ್ಲನ್ನು ಇಳಿಸಬೇಕು. ಇಳಿಸಿದ ಕಲ್ಲನ್ನು ನೆಲಕ್ಕೇ ತರಬೇಕು, ನೀರಿಗೆ ಒಂದನ್ನೂ ಹಾಕಬಾರದು ಎಂಬುದು ಎರಡೂ ಪೇಟೆಗಳ ಕಟ್ಟಳೆ. ಹೀಗಾಗಿ ಆ ಪೇಟೆಗಳು ಬೆಳೆದದ್ದೇ ಕಂಡವರ ಊರಿನ ಕಲ್ಲಿನಿಂದ. ಹೆಂಗಸರು ಅರಬರ ನಾಡಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಗಂಡಸರು ಆಫ್ರಿಕಾದ ಕಲ್ಲಿನ ಮೇಲೆ ಕುಳಿತು ತಮ್ಮ ಊರಿನ ಹಿರಿಮೆಯನ್ನು ಮಾತನಾಡುತ್ತಿದ್ದರು.

ತೆಂಕುಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಉಗ್ರಾಣ ದೊಡ್ಡದು, ತೂಕ ನ್ಯಾಯವಾದದ್ದು, ಬಾವಿಯ ನೀರು ಸಿಹಿ. ಇದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಪ್ರತಿದಿನ ಬೆಳಗ್ಗೆ ಜಗಲಿಯಲ್ಲಿ ಗಂಜಿ ಮುಂದಿಟ್ಟುಕೊಂಡು ಎದುರು ದಡದ ಹಾಯಿಕಂಬಗಳನ್ನು ಎಣಿಸುತ್ತಿದ್ದ.

“ಗಂಜಿ ಆರಿಹೋಯಿತು” ಎಂದಳು ಅವನ ಹೆಂಡತಿ. “ನೀವು ಎಣಿಸಿದರೆ ಅಲ್ಲಿ ಕಡಿಮೆಯಾಗುತ್ತದೆಯೇ?”

“ಇವತ್ತು ಹದಿನಾಲ್ಕು.”

“ಉಪ್ಪಿನಕಾಯಿ ಹಾಕಲೇ?”

“ಹದಿನಾಲ್ಕೂ ದೊಡ್ಡವು” ಎಂದ ವ್ಯಾಪಾರಿ.

ಹಡಗುಗಳು ಆ ದಡಕ್ಕೇ ಏಕೆ ಹೋಗುತ್ತವೆಂದು ಅವನು ಒಬ್ಬ ನಾವಿಕನನ್ನು ವಿಚಾರಿಸಿದ. ಬಡಗುಪೇಟೆಯವರು ದೋಣಿಯಲ್ಲಿ ಎದುರು ಬಂದು ಮೊದಲು ‘ಊಟವಾಯಿತೇ’ ಎಂದು ಕೇಳುತ್ತಾರೆ, ನಿಮ್ಮವರು ‘ಸರಕೇನು’ ಎಂದು ಕೇಳುತ್ತಾರೆ ಎಂದ ನಾವಿಕ. ವ್ಯಾಪಾರಿ ಮರುದಿನವೇ ಊಟವಾಯಿತೇ ಎಂದು ಕೇಳಲು ಒಬ್ಬ ಆಳನ್ನು ನೇಮಿಸಿದ. ಹಡಗಿನವರು ಇಲ್ಲ ಎಂದರು. ಅದರ ಮುಂದೆ ಏನು ಮಾಡಬೇಕೆಂದು ಆಳಿಗೆ ಯಾರೂ ಹೇಳಿರಲಿಲ್ಲ.

ನ್ಯಾಯವಾದ ದಾರಿಗಳನ್ನೆಲ್ಲ ನೋಡಿ ಮುಗಿಸಿದೆ ಎಂದು ವ್ಯಾಪಾರಿಗೆ ಅನ್ನಿಸಿತು. ಅವನು ಹಡಗಿನವರಿಗೆಲ್ಲ ಹೇಳಿ ಕಳಿಸಿದ: ನಿಮ್ಮ ಕಲ್ಲನ್ನು ನನ್ನ ದೋಣಿಗಳು ಪುಕ್ಕಟೆಯಾಗಿ ಒಯ್ಯುತ್ತವೆ. ಹಡಗಿನವರಿಗೆ ಅದಕ್ಕಿಂತ ಏನು ಬೇಕು? ದೋಣಿಗಳು ಕಲ್ಲು ತುಂಬಿಕೊಂಡು ಹೊರಟವು. ಬಡಗುಪೇಟೆಗೆ ಹಡಗು ಹೋಗುವ ದಾರಿಯ ಬಾಯಲ್ಲಿ ಸುರಿಯಬೇಕೆಂದು ವ್ಯಾಪಾರಿಯ ಅಪ್ಪಣೆ.

ಹಿರಿಯ ಅಂಬಿಗನೊಬ್ಬ ಹುಟ್ಟನ್ನು ಕೆಳಗಿಟ್ಟ. “ಧಣಿ, ನೀರಿಗೆ ಕಲ್ಲು ಹಾಕಬಾರದೆಂದು ನನ್ನ ಅಜ್ಜ ಹೇಳಿದ್ದಾನೆ.”

“ನನ್ನ ಅಜ್ಜನೂ ಹೇಳಿದ್ದಾನೆ. ಅವನ ಕಾಲದಲ್ಲಿ ಆ ದಡದಲ್ಲಿ ಇಷ್ಟು ಹಡಗು ಇರಲಿಲ್ಲ.”

ಬೇಸಿಗೆ ಮುಗಿಯುವ ಹೊತ್ತಿಗೆ ದಾರಿಯ ಅರ್ಧ ಅಗಲಕ್ಕೆ ಅಡ್ಡವಾಗಿ ಕಲ್ಲು ಬಿದ್ದಿತ್ತು. ಎರಡು ಹಡಗುಗಳ ತಳ ಉಜ್ಜಿತು. ಕೆಲವು ದೂರದಿಂದಲೇ ನೋಡಿ ಮರಳಿದವು. ಹಾಯಿಕಂಬಗಳು ಹದಿನಾಲ್ಕರಿಂದ ಒಂಬತ್ತಕ್ಕೆ ಇಳಿದವು. ವ್ಯಾಪಾರಿ ಗಂಜಿಯನ್ನು ಬಿಸಿಯಾಗಿಯೇ ಉಂಡ.

ಮಳೆಗಾಲ ಬಂತು. ನದಿ ಕೆಂಪಾಗಿ, ತುಂಬಿ ಇಳಿಯಿತು. ಕಲ್ಲಿನ ಸಾಲು ಅದನ್ನು ತಡೆಯಿತು. ಇಕ್ಕಟ್ಟಿಗೆ ಸಿಕ್ಕಿದ ನೀರು ಉಳಿದ ಅರ್ಧ ದಾರಿಯಲ್ಲೇ ರಭಸದಿಂದ ಓಡಿ, ತಳದ ಮರಳನ್ನೆಲ್ಲ ಕೊರೆದು ಒಯ್ದಿತು. ಒಯ್ದ ಮರಳನ್ನು ತೆಂಕುಪೇಟೆಯ ಮುಂದೆ ಇಳಿಸಿತು. ಹೊರಗಡಲಿನಿಂದ ಬಂದ ತೆರೆಗಳು ಕಲ್ಲಿಗೆ ಬಡಿದು ಅಲ್ಲೇ ಮುರಿದವು. ಮಳೆ ನಿಂತಾಗ ಬಡಗುಪೇಟೆಗೆ ಆಳವಾದ, ಅಲುಗಾಟವಿಲ್ಲದ ಬಂದರು ಸಿಕ್ಕಿತ್ತು. ತೆಂಕುಪೇಟೆಗೆ ಸಂಜೆ ತಿರುಗಾಡಲು ಒಳ್ಳೆಯ ಮರಳದಂಡೆ ಸಿಕ್ಕಿತ್ತು.

ಮಳೆಗಾಲದ ನಂತರ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಹಡಗುಗಳನ್ನು ಮತ್ತೆ ಬರಮಾಡಿಕೊಳ್ಳುವ ಹುಣ್ಣಿಮೆಯ ದಿನ ಒಂದಿದೆ. ಆ ದಿನ ಬಡಗುಪೇಟೆಯ ಹಿರಿಯ ಹಣ್ಣು, ಶಾಲು, ವಾದ್ಯದೊಡನೆ ನದಿ ದಾಟಿ ಬಂದ. ವ್ಯಾಪಾರಿಯ ಜಗಲಿಯ ಮುಂದೆ ತೆಂಕುಪೇಟೆಗೆ ತೆಂಕುಪೇಟೆಯೇ ಸೇರಿತು.

“ಸಾಹುಕಾರರೇ, ನಿಮ್ಮ ದೋಣಿಗಳನ್ನು ನಾವು ಮೊದಲ ದಿನವೇ ನೋಡಿದೆವು” ಎಂದ ಹಿರಿಯ. “ನಮ್ಮಲ್ಲಿ ಪ್ರಾಯದವರು ಸಿಟ್ಟಾದರು. ನಾನು ಹೇಳಿದೆ, ಅವರು ದೊಡ್ಡ ಮನುಷ್ಯರು, ಏನೋ ಉದ್ದೇಶವಿಟ್ಟುಕೊಂಡೇ ಮಾಡುತ್ತಿರಬೇಕು ಎಂದು.”

“ಉದ್ದೇಶವಿತ್ತು” ಎಂದ ವ್ಯಾಪಾರಿ.

“ನಮ್ಮ ಅಜ್ಜಂದಿರಿಗೆ ಹೊಳೆಯದ್ದು ನಿಮಗೆ ಹೊಳೆಯಿತು. ಹೊರಗಡಲಿನ ಕಡೆಗೆ ಇನ್ನೂ ಇಪ್ಪತ್ತು ಮಾರು ಕಟ್ಟಿದರೆ ಸಂಪೂರ್ಣವಾಗುತ್ತದೆ. ಯಾವಾಗ ಮುಗಿಸಿಕೊಡುತ್ತೀರಿ?”

ಹಿರಿಯನ ಮುಖದಲ್ಲಿ ನಗು ಇರಲಿಲ್ಲ. ಮುಖದ ಹಿಂದೆ ಇತ್ತೋ ಇಲ್ಲವೋ ತೆಂಕುಪೇಟೆಯ ಯಾರಿಗೂ ತಿಳಿಯಲಿಲ್ಲ.

ವ್ಯಾಪಾರಿಯ ಬಳಿ ಎರಡು ಉತ್ತರಗಳಿದ್ದವು. ನಿಜ ಹೇಳಿದರೆ, ಊರೆಲ್ಲ ನೋಡುತ್ತಿರುವಾಗ, ಹೊಟ್ಟೆಕಿಚ್ಚಿಗೆ ಕಟ್ಟಳೆ ಮುರಿದು ತನ್ನ ಪೇಟೆಯನ್ನೇ ಮರಳಿನಲ್ಲಿ ಹೂತವನಾಗುತ್ತಾನೆ. ಹೇಳದಿದ್ದರೆ ದಾನಿಯಾಗುತ್ತಾನೆ. ಅವನು ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ನೋಡಿದ. ಅವಳು ಒಳಗೆ ಹೋದಳು.

“ಮುಂದಿನ ವರ್ಷ” ಎಂದ ವ್ಯಾಪಾರಿ, ಶಾಲು ಹೊದಿಸಿಕೊಳ್ಳಲು ತಲೆ ಬಾಗಿಸಿದ.

ಕೆಲಸ ನಿಲ್ಲಿಸಿದರೆ ಶುರು ಮಾಡಿದ್ದೇಕೆಂದು ಜನ ಕೇಳುತ್ತಾರೆ. ಆದ್ದರಿಂದ ಅವನು ನಿಲ್ಲಿಸಲಿಲ್ಲ. ಇಪ್ಪತ್ತು ಮಾರು ಮುಗಿದ ಮೇಲೆ ಇನ್ನೂ ಮೂವತ್ತು ಬೇಕೆಂದರು. ಅದನ್ನೂ ಕಟ್ಟಿಸಿದ. ತೆಂಕುಪೇಟೆಯ ವ್ಯಾಪಾರಿಗಳು ಒಬ್ಬೊಬ್ಬರಾಗಿ ಉಗ್ರಾಣಗಳನ್ನು ಆಚೆ ದಡಕ್ಕೆ ಒಯ್ದರು. ಕೊನೆಗೆ ಅವನ ಅಂಬಿಗರೂ ಹೋದರು. ಪ್ರತಿ ವರ್ಷ ಆ ಹುಣ್ಣಿಮೆಗೆ ಬಡಗುಪೇಟೆಯವರು ಅವನನ್ನು ಕರೆದೊಯ್ದು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು. ಶಾಲು ಹೊದ್ದು ಕುಳಿತು ಅವನು ಹಾಯಿಕಂಬಗಳನ್ನು ಹತ್ತಿರದಿಂದಲೇ ಎಣಿಸುತ್ತಿದ್ದ. ಐವತ್ತೆರಡರವರೆಗೆ ಎಣಿಸಿದ್ದುಂಟು.

ಬಡಗುಪೇಟೆಯವರು ಆ ಕಲ್ಲಿನ ಕಟ್ಟೆಗೆ ಅವನದೇ ಹೆಸರಿಟ್ಟರು. ಇಂಥ ಕಟ್ಟೆ ನಮ್ಮ ದಡದಲ್ಲಿ ಇಲ್ಲವಲ್ಲ ಎಂದು ಅವನು ಅದರ ಮೇಲೂ ಹೊಟ್ಟೆಕಿಚ್ಚು ಪಟ್ಟ.

ಕತೆ ಮುಗಿಯಿತು. ಕೊಟ್ರಯ್ಯ ತೊಡೆ ತಟ್ಟಿಕೊಂಡು ನಕ್ಕ.

“ಎಂಥ ದಡ್ಡ, ಗುರುಗಳೇ! ಸುಮ್ಮನೆ ಗಂಜಿ ಉಂಡುಕೊಂಡಿದ್ದರೆ ಬಡಗುಪೇಟೆ ಇದ್ದ ಹಾಗೆಯೇ ಇರುತ್ತಿತ್ತು. ಅದನ್ನು ದೊಡ್ಡ ಬಂದರು ಮಾಡಿದವನೇ ಅವನಲ್ಲವೇ?”

ಗುರುಗಳು ಹೌದೆಂದು ತಲೆಯಾಡಿಸಿದರು.

“ಇವತ್ತು ಹಂಪಯ್ಯನ ಕಡೆಗೆ ಎಷ್ಟು ಕಲ್ಲು ಕಳಿಸಿದೆ?”