ಗೇಟಿನಲ್ಲಿ ಸೀಸರ್ ನಡೆಸಿದ ತಪಾಸಣೆ

ಮನೆ ಕಾಯುವ ನಾಯಿ ಸೀಸರ್, ಗೇಟಿನಡಿ ನುಸುಳುತ್ತಿದ್ದ ಬಸವನ ಹುಳುವನ್ನು ಅಡ್ಡಗಟ್ಟಿದ. "ನೀನು ಅವನೋ, ಅವಳೋ? ಹೇಳಿ ಒಳಗೆ ಹೋಗು."

"ನನ್ನ ಮೈಯಲ್ಲಿ ಗಂಡು, ಹೆಣ್ಣು ಎರಡೂ ಇವೆ. 'ಅವರು' ಅನ್ನಿ, ಸಾಕು."

"ಅದೆಲ್ಲ ಇಲ್ಲಿ ನಡೆಯಲ್ಲ! ಮೈಯಲ್ಲಿ ಏನಿದೆಯೋ ಅದನ್ನು ನೋಡಿಯೇ ಕರೆಯಬೇಕು."

"ಹೋದ ವಾರ ಡಾಕ್ಟರ ಹತ್ತಿರ ನಿಮ್ಮ ಬೀಜ ತೆಗೆಸಿದರಲ್ಲ," ಎಂದರು ಬಸವನ ಹುಳು. "ಮನೆಯವರು ಈಗಲೂ ನಿಮ್ಮನ್ನು 'ಅವನು' ಅಂತಲೇ ಅನ್ನುತ್ತಾರಲ್ಲ?"

ಸೀಸರ್ ಬಾಲ ಮುದುರಿ ತಟ್ಟನೆ ಕುಳಿತ. ಅಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಕಾಂಪೌಂಡಿನ ಮೇಲಿಂದ ಇಣುಕಿತು. "ಏನೋ ಅದು? ನಿನ್ನ ವಿಷಯ ಏನೋ ಹೇಳ್ತಿತ್ತಲ್ಲ?"

"ಅದು ಇದು ಅನ್ನಬೇಡ!" ಸೀಸರ್ ಗದರಿದ. "ಅವರು ದೊಡ್ಡವರು. ಏನೂ ಹೇಳಲಿಲ್ಲ, ಒಳಗೆ ಹೋಗುತ್ತಿದ್ದಾರೆ."