ತಂಗಿಗೆಂದು ಮಾಡಿದ ಜಾಗ

“ಅವ್ವಾ, ಯಾರೂ ಬಾರದ ಕಡೆಗೆ ಹೋಗಿ ಇರಲು ನನಗೆ ಅಪ್ಪಣೆ ಕೊಡುತ್ತೀರಾ?” ಎಂದು ಹಾಲಪ್ಪ ಕೇಳಿದ.

ಅವನ ಮನಸ್ಸು ಹೊಳೆಯ ಆಚೆ ದಡದ ಗವಿಯ ಮೇಲಿತ್ತು. ಹನ್ನೆರಡು ವರ್ಷದಿಂದ ಅವನು ಈ ಆಶ್ರಮದಲ್ಲಿದ್ದ. ಆಶ್ರಮದ ಗುರು ಒಬ್ಬ ಮುದುಕಿ, ಎಲ್ಲರೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು. ಮನಸ್ಸಿನಲ್ಲಿ ತುಂಬಿಕೊಂಡಿದ್ದನ್ನು ಒಂದೊಂದಾಗಿ ತೆಗೆದು ಹಾಕುತ್ತ ಬಂದಿದ್ದೇನೆ, ಈಗ ಅದು ಹೆಚ್ಚುಕಡಿಮೆ ಖಾಲಿಯಾಗಿದೆ ಎಂದು ಹಾಲಪ್ಪ ವಿವರಿಸಿದ. ಆದರೆ ಅಡುಗೆಮನೆಯಿಂದ ಯಾರಾದರೂ ಬಂದು ಬೆಂಕಿಪೊಟ್ಟಣ ಎಲ್ಲಿದೆ ಎಂದು ಕೇಳಿದರೂ ಸಾಕು, ಎಲ್ಲ ಕದಡಿ ಹೋಗುತ್ತದೆ. ಗವಿಯಲ್ಲಾದರೆ ಕೇಳುವವರು ಇರುವುದಿಲ್ಲ.

ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯ ಹೆಂಡತಿ ಇದ್ದಳು. ಒಂದೇ ಕೋಣೆಯ ಮನೆ. ಗಂಡ ಹೊರಗೆ ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದ. ಒಳಗೆ ಎಲ್ಲಿ ನೋಡಿದರೂ ಬಟ್ಟೆ. ಹೊಲಿದದ್ದು, ಹೊಲಿಯಬೇಕಾದದ್ದು, ಕತ್ತರಿಸಿ ಉಳಿದದ್ದು, ಮದುವೆಯಲ್ಲಿ ಮುಯ್ಯಿ ಬಂದದ್ದು, ಸತ್ತವರು ಉಟ್ಟು ಬಿಟ್ಟದ್ದು. ಅಡುಗೆ ಮಾಡುವಾಗ ಅದನ್ನೆಲ್ಲ ಹಾಸಿಗೆಯ ಕಡೆ ತಳ್ಳಬೇಕು, ಮಲಗುವಾಗ ಒಲೆಯ ಕಡೆ ತಳ್ಳಬೇಕು. ಹೀಗೆ ತಳ್ಳುತ್ತಲೇ ಅವರ ಸಂಸಾರ ನಡೆದಿತ್ತು. ಅದರಿಂದ ಯಾರಿಗೂ ದುಃಖವೇನೂ ಆಗಿರಲಿಲ್ಲ.

ಅವಳಿಗೆ ಒಬ್ಬಳು ತಂಗಿ. ತಂಗಿಯನ್ನು ಏಳು ಹರದಾರಿ ದೂರದ ಊರಿಗೆ ಕೊಟ್ಟಿದ್ದರು. ತಂಗಿಯ ಗಂಡ ತೀರಿಕೊಂಡ. ಮೈದುನರು ಮನೆಯನ್ನು ಪಾಲು ಮಾಡಿಕೊಂಡರು. ಯಾರ ಪಾಲಿಗೂ ಅವಳು ಬೀಳಲಿಲ್ಲ. ಅಮಾವಾಸ್ಯೆಗೊಮ್ಮೆ ಆ ಊರಿನಿಂದ ಈ ಊರಿಗೆ ಬರುವ ಉಪ್ಪಿನ ಗಾಡಿಯವನ ಹತ್ತಿರ ತಂಗಿ ಹೇಳಿ ಕಳಿಸಿದಳು. ಇಲ್ಲಿ ನನಗೆ ಇರಲು ಜಾಗವಿಲ್ಲ, ಅಕ್ಕನ ಹತ್ತಿರ ಬರಲೇ ಎಂದು ಕೇಳಿ ಬಾ ಎಂದಳು.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕೋಣೆಯನ್ನು ನೋಡಿದಳು. ತಂಗಿ ಕಾಲು ಚಾಚಿ ಮಲಗುವಷ್ಟು ನೆಲ ಎಲ್ಲೂ ಕಾಣಲಿಲ್ಲ. ಬರಲಿ, ಆದರೆ ಮುಂದಿನ ಅಮಾವಾಸ್ಯೆಗೆ ಬರಲಿ, ಅಷ್ಟರಲ್ಲಿ ಅವಳಿಗೆ ಜಾಗ ಮಾಡುತ್ತೇನೆ ಎಂದು ಹೇಳಿ ಕಳಿಸಿದಳು.

ಗಾಡಿ ತಿರುಗಿದ ಕೂಡಲೇ ಮಡಿಸಲು ಕೂತಳು. ಸೀರೆಯೊಳಗೆ ಅದರ ಕುಪ್ಪಸವಿಟ್ಟು ಮಡಿಸಿದಳು. ಪಂಚೆಗಳನ್ನು ಬಿಗಿಯಾಗಿ ಸುತ್ತಿದಳು. ಕೌದಿಯನ್ನು ಸುರುಳಿ ಸುತ್ತಿ, ಒಳಗಿನ ಗಾಳಿ ಹೋಗುವ ತನಕ ಅದರ ಮೇಲೆ ಕೂತಳು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದನ್ನು ಎಳೆಯುವಾಗ ಮೇಲಿನದು ಕೆಡುತ್ತದೆ ಎಂದು, ವೀಳ್ಯದೆಲೆಯ ಕಟ್ಟಿನ ಹಾಗೆ ಎಲ್ಲವನ್ನೂ ಪಕ್ಕಪಕ್ಕ ನಿಲ್ಲಿಸಿ ಪೆಟ್ಟಿಗೆಗೆ ತುಂಬಿದಳು. ಜೊತೆಗೆ ಹಿಡಿಯುವವರು ಇರಲಿಲ್ಲ. ಸೀರೆಯ ಒಂದು ಅಂಚನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದು, ಇನ್ನೊಂದನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ಒಬ್ಬಳೇ ಮಡಿಸುವುದನ್ನು ಕಲಿತಳು. ತಿಂಗಳು ತುಂಬುವುದರೊಳಗೆ ಗೋಡೆಯ ಪಕ್ಕದಲ್ಲಿ ಒಂದು ಚಾಪೆಯಷ್ಟು ನೆಲ ಕಾಣಿಸಿತು.

ಎಷ್ಟೋ ವರ್ಷದಿಂದ ಕಾಣದಿದ್ದ ನೆಲ ಅದು. ಅದನ್ನು ಸಾರಿಸಿದಳು. ಒಣಗಿದ ಮೇಲೆ ಅದರ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಳು. ತಣ್ಣಗಿತ್ತು.

ಅಮಾವಾಸ್ಯೆ ಬಂತು. ಗಾಡಿಯವನು ಏನು ಹೇಳಲಿ ಎಂದು ಕೇಳಿದ. ಒಂದು ಚಾಪೆಯಷ್ಟು ಜಾಗದಲ್ಲಿ ತಂಗಿಯನ್ನು ಇಕ್ಕಟ್ಟಾಗಿ ಇರಿಸುವುದು ಅವಳಿಗೆ ಸರಿ ಕಾಣಲಿಲ್ಲ. ಇನ್ನೊಂದು ತಿಂಗಳು ತಡೆಯಲಿ ಎಂದಳು. ಅದರ ಮುಂದಿನ ಅಮಾವಾಸ್ಯೆಗೂ ಅದನ್ನೇ ಹೇಳಿದಳು. ಮೂರನೆಯ ಸಲ ಗಾಡಿಯವನು ನಕ್ಕ. “ತಾಯೀ, ಬರುವವಳು ನಿಮ್ಮ ತಂಗಿಯೋ, ಆನೆಯೋ?” ಎಂದ. ಅವಳಿಗೆ ನಗು ಬರಲಿಲ್ಲ.

ಅಷ್ಟರಲ್ಲಿ ಅವಳ ಬೆರಳುಗಳಿಗೆ ಒಂದು ವಿದ್ಯೆ ಹತ್ತಿತ್ತು. ಸೀರೆ ಅಂಗೈಯಗಲವಾಯಿತು, ಆಮೇಲೆ ವೀಳ್ಯದೆಲೆಯಷ್ಟಾಯಿತು, ಆಮೇಲೆ ಅಡಿಕೆಯ ಹೋಳಿನಷ್ಟಾಯಿತು. ಪೆಟ್ಟಿಗೆಯೊಳಗಿನದೆಲ್ಲ ಒಂದು ಡಬ್ಬಿಗೆ ಹಿಡಿಸಿತು. ಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟಳು. ಮಡಿಸಲು ಬಟ್ಟೆ ಉಳಿಯದಾಗ ಒಣಹಾಕುವ ಹಗ್ಗವನ್ನು ಮಡಿಸಿದಳು. ಹಗ್ಗದ ನೆರಳನ್ನೂ ಮಡಿಸಿದಳು. ಕಿಟಕಿಯಿಂದ ಬಿದ್ದ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಹರಡಿಕೊಂಡಿತ್ತು, ಅದನ್ನು ನಾಲ್ಕು ಮೂಲೆ ಸೇರಿಸಿ ಮಡಿಸಿ ಗೋಡೆಯ ಗೂಡಿನಲ್ಲಿಟ್ಟಳು. ಬೀದಿಯಿಂದ ಬರುವ ಮಾತುಗಳು ಹೊಸ್ತಿಲು ದಾಟುವ ಮುಂಚೆಯೇ ಮಡಿಕೆಯಾಗುತ್ತಿದ್ದವು.

ಮನೆ ಬೆಳೆಯಿತು. ಗೋಡೆಗಳು ಹಿಂದೆ ಸರಿದವು. ಬಾಗಿಲಿನಿಂದ ಒಲೆಯ ತನಕ ನೂರು ಹೆಜ್ಜೆಯಾಯಿತು. ಒಂದು ದಿನ ಮೋಡದ ನೆರಳೊಂದು ಒಳಗೆ ಬಂದು, ನೆಲದ ಮೇಲೆ ನಿಧಾನವಾಗಿ ಹಾದು, ಹಿತ್ತಲ ಬಾಗಿಲಿನಿಂದ ಹೊರಗೆ ಹೋಯಿತು. ಊರಿನ ಹೆಂಗಸರು ಬಂದು ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದರು. ಇಷ್ಟು ಜಾಗವನ್ನು ಎಲ್ಲಿಂದ ತಂದೆಯಮ್ಮಾ ಎನ್ನುತ್ತಿದ್ದರು. ನನ್ನ ತಂಗಿ ಬರುತ್ತಾಳೆ, ಅವಳಿಗಾಗಿ ಎಂದು ಅವಳು ಹೇಳುತ್ತಿದ್ದಳು. ಹೇಳುವಾಗ ಕಣ್ಣು ನೆಲದ ಮೇಲೆಯೇ ಇರುತ್ತಿತ್ತು, ಯಾರ ಕಾಲಿನ ಧೂಳಾದರೂ ಬಿದ್ದೀತೆಂದು.

ಆರನೆಯ ಅಮಾವಾಸ್ಯೆಗೆ ತಂಗಿ ಹೇಳದೆ ಕೇಳದೆ ಬಂದಳು. ಉಪ್ಪಿನ ಚೀಲಗಳ ನಡುವೆ ಕೂತು ಬಂದಿದ್ದಳು. ಕೈಯಲ್ಲಿ ಒಂದು ಗಂಟು. ಬಾಗಿಲಲ್ಲಿ ನಿಂತು ಒಳಗೆ ನೋಡಿ ಬಾಯಿ ಬಿಟ್ಟಳು. ಆಮೇಲೆ ನಕ್ಕಳು. ಅವಳದು ಚಿಕ್ಕಂದಿನಿಂದಲೂ ದೊಡ್ಡ ನಗು.

“ಏನೇ ಅಕ್ಕ, ಎಲ್ಲ ಮಡಿಸಿಟ್ಟಿದ್ದೀಯ. ಭಾವನನ್ನು ಎಲ್ಲಿಟ್ಟೆ? ನನ್ನನ್ನೂ ಮಡಿಸಿ ಇಟ್ಟುಬಿಡಬೇಡ ಮತ್ತೆ.”

ಅಕ್ಕ ತಂಗಿಯನ್ನು ತಬ್ಬಿಕೊಂಡಳು. ತಂಗಿ ನಡೆದು ಹೋಗಿ ನೆಲದ ನಟ್ಟನಡುವೆ ಗಂಟು ಇಟ್ಟು ಬಿಚ್ಚಿದಳು. ಎರಡು ಸೀರೆ, ಒಂದು ಕಂಬಳಿ, ಒಂದು ಲೋಟ. ಅಷ್ಟೇ. ಆದರೆ ಬಿಳಿಯ ಬಟ್ಟೆಯ ಮೇಲೆ ಎಣ್ಣೆ ಚೆಲ್ಲಿದ್ದನ್ನು ಕಂಡವರ ಹಾಗೆ ಅಕ್ಕ ಓಡಿ ಬಂದಳು. ಬಗ್ಗಿ, ತಂಗಿ ಕಣ್ಣು ಮಿಟುಕಿಸುವುದರೊಳಗೆ ಅದನ್ನೆಲ್ಲ ಮಡಿಸಿ ಡಬ್ಬಿಗೆ ಸೇರಿಸಿದಳು. ದಣಿದು ಬಂದಿದ್ದೀಯ, ನೀನೇಕೆ ಮಾಡಬೇಕು ಎಂದಳು. ತಂಗಿ ಅದನ್ನು ಅಕ್ಕರೆ ಎಂದುಕೊಂಡಳು. ಅಕ್ಕನೂ ಹಾಗೆಂದುಕೊಂಡಳು.

ಮಾರನೆಯ ಸಂಜೆ ತಂಗಿ ಒಗೆದು ಒಣಗಿಸಿದ ಸೀರೆ ತಂದಳು. ಅವರ ತವರಿನಲ್ಲಿ ಸೀರೆಯನ್ನು ಒಬ್ಬರೇ ಮಡಿಸುತ್ತಿರಲಿಲ್ಲ. ಅಕ್ಕ ಒಂದು ತುದಿ, ತಂಗಿ ಒಂದು ತುದಿ ಹಿಡಿದು ಅಂಗಳದ ಆಚೆ ಈಚೆ ನಿಂತು, ಒಮ್ಮೆ ಝಾಡಿಸಿ, ಒಬ್ಬರ ಕಡೆಗೊಬ್ಬರು ನಡೆಯುತ್ತಿದ್ದರು. ನಡುವೆ ಕೈಗೆ ಕೈ ತಾಗುತ್ತಿತ್ತು. ತುದಿ ಕೊಟ್ಟು ಹಿಂದೆ ಹೋಗಿ, ಮತ್ತೆ ಬಂದು, ಮತ್ತೆ ತಾಗುತ್ತಿದ್ದರು. ಊರ ಸುದ್ದಿಯೆಲ್ಲ ಆ ಹೊತ್ತಿನಲ್ಲೇ ಆಗುತ್ತಿತ್ತು. ಒಂದು ಸೀರೆಗೆ ಒಂದು ಸುದ್ದಿ. ಈಗ ತಂಗಿ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಅಕ್ಕನ ಕೈಗೆ ಚಾಚಿದಳು.

“ಬಿಡು, ನೀನು ಹಿಡಿದರೆ ಸೊಟ್ಟಗಾಗುತ್ತದೆ. ನಾನು ಒಬ್ಬಳೇ ಮಡಿಸುತ್ತೇನೆ” ಎಂದಳು ಅಕ್ಕ.

ತಂಗಿ ಚಾಚಿದ ಕೈ ಇಳಿಸಿದಳು. ಆಮೇಲೆ ತುದಿ ಬಿಟ್ಟಳು.

ಅಂದಿನಿಂದ ತಂಗಿ ಕಾಲು ಚಾಚಿ ಮಲಗಲಿಲ್ಲ. ಕೂತರೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂರುತ್ತಿದ್ದಳು. ಉಂಡ ತಟ್ಟೆಯನ್ನು ಕೆಳಗಿಡದೆ ಕೈಯಲ್ಲೇ ಹಿಡಿದು ಹೊರಗೆ ಒಯ್ಯುತ್ತಿದ್ದಳು. ನಗುವನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಹೇಳಬೇಕೆಂದಿದ್ದ ಸುದ್ದಿಗಳು ಬಹಳ ಇದ್ದವು, ಗಂಡ ಹೇಗೆ ಸತ್ತ ಎಂಬುದೇ ಇನ್ನೂ ಹೇಳಿರಲಿಲ್ಲ. ಅದನ್ನು ಎರಡಾಗಿ ಮಡಿಸಿದಳು, ನಾಲ್ಕಾಗಿ ಮಡಿಸಿದಳು, ನಾಲಿಗೆಯ ಅಡಿಯಲ್ಲಿಟ್ಟುಕೊಂಡಳು. ನೂರು ಹೆಜ್ಜೆಯ ಆ ಮನೆಯಲ್ಲಿ ಅವಳು ಗೋಡೆಯ ಬುಡದಲ್ಲಿ ಒಂದು ಮೊರದಷ್ಟು ಜಾಗದಲ್ಲಿದ್ದಳು. ಆಮೇಲೆ ಅದಕ್ಕಿಂತ ಕಡಿಮೆ.

ನೆರೆಯವರು ತಂಗಿ ಹೇಗಿದ್ದಾಳೆ ಎಂದು ಕೇಳಿದರು. “ಬಂಗಾರದಂಥವಳು. ಇದ್ದರೂ ಇಲ್ಲದ ಹಾಗೆ ಇರುತ್ತಾಳೆ” ಎಂದು ಅಕ್ಕ ಹೇಳಿದಳು. ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು.

ಒಂದು ಬೆಳಿಗ್ಗೆ ಗಂಡ ಜಗಲಿಯಿಂದ, ನಿನ್ನ ತಂಗಿ ಕಾಣುತ್ತಿಲ್ಲವಲ್ಲ ಎಂದ. ಅಕ್ಕ ಒಳಗೆ ನೋಡಿದಳು. ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇತ್ತು. ಅವಳು ಹೋದದ್ದು ಇಂದೋ, ನಿನ್ನೆಯೋ, ಎಂಟು ದಿನದ ಹಿಂದೆಯೋ ಹೇಳಲು ಬರುವಂತಿರಲಿಲ್ಲ. ಮಲಗಿದ ಜಾಗ ಯಾವುದೆಂದು ಹುಡುಕಿದಳು. ಮೊಣಕಾಲೂರಿ ನೆಲದ ಮೇಲೆ ಮುಖವಿಟ್ಟು ಹುಡುಕಿದಳು. ಒಂದು ಕೂದಲೂ ಇರಲಿಲ್ಲ. ಅವಳೇ ದಿನಕ್ಕೆರಡು ಸಲ ಗುಡಿಸುತ್ತಿದ್ದಳು.

ಮುಂದಿನ ಅಮಾವಾಸ್ಯೆಗೆ ಉಪ್ಪಿನ ಗಾಡಿಯವನನ್ನು ಕೇಳಿದಳು. ಹೌದು, ಹೋದ ಸಲ ಗಾಡಿ ಹತ್ತಿದ್ದಳು ಎಂದ. ಎಲ್ಲಿ ಇಳಿದಳೋ ತಿಳಿಯದು, ಎತ್ತುಗಳಿಗೂ ಭಾರ ಇಳಿದದ್ದು ಗೊತ್ತಾಗಲಿಲ್ಲ ಎಂದ.

ಅಕ್ಕ ಮನೆಗೆ ಬಂದು ಡಬ್ಬಿಯನ್ನು ನೆಲದ ಮೇಲೆ ಸುರಿದಳು. ಎಲ್ಲವನ್ನೂ ಬಿಚ್ಚಿ ಹರಡಬೇಕು, ಮನೆ ಮತ್ತೆ ಇಕ್ಕಟ್ಟಾಗಬೇಕು, ಮಲಗುವಾಗ ಒಲೆಯ ಕಡೆ ತಳ್ಳುವಂತಾಗಬೇಕು ಎಂದು ಒಂದನ್ನು ಕೈಗೆತ್ತಿಕೊಂಡಳು. ಬಿಚ್ಚಲು ಅದರ ಅಂಚು ಸಿಗಲಿಲ್ಲ. ಇನ್ನೊಂದನ್ನು ತೆಗೆದುಕೊಂಡಳು. ಅದರದೂ ಸಿಗಲಿಲ್ಲ. ಅಷ್ಟು ಚೆನ್ನಾಗಿ ಮಡಿಸಿದ್ದಳು. ಆಗ ತಂಗಿಯ ಹೆಸರು ಹಿಡಿದು ಕೂಗಿದಳು. ಕೂಗು ಹೋಗುತ್ತಲೇ ಇತ್ತು. ಅದು ತಾಗಿ ಮರಳಿ ಬರಲು ಗೋಡೆ ಬಹಳ ದೂರವಿತ್ತು.

ಅವ್ವ ಅಲ್ಲಿಗೆ ನಿಲ್ಲಿಸಿದರು. ಹಾಗಾದರೆ ಜಾಗ ಮಾಡಿದ್ದೇ ಅವಳ ತಪ್ಪೇ ಎಂದು ಹಾಲಪ್ಪ ಮೆಲ್ಲಗೆ ಕೇಳಿದ. ಜಾಗ ಮಾಡಿದ್ದು ತಪ್ಪಲ್ಲ ಎಂದು ಅವ್ವ ತಲೆಯಾಡಿಸಿದರು. ಹಾಗಾದರೆ ತಾನು ಗವಿಗೆ ಹೋಗಬಹುದೇ ಎಂದು ಕೇಳಿದ.

“ಹೋಗು ಮಗನೇ, ಹೋಗುವ ಮುಂಚೆ ಒಂದು ಹೇಳು: ಹನ್ನೆರಡು ವರ್ಷದ ಹಿಂದೆ ಯಾರು ಬರಲಿ ಎಂದು ನೀನು ಮನಸ್ಸನ್ನು ಖಾಲಿ ಮಾಡಲು ಕೂತಿದ್ದೆ?”